ಸಿಎಂಎಸ್ ಆರಿಸುವ ಮುನ್ನ ಕುರ್ಚಿಯಲ್ಲಿ ಕೂರುವವರನ್ನು ನೋಡಿ

"ವೆಬ್‌ಸೈಟ್ ಮಾಡಿಸಬೇಕು, ಯಾವ ಸಿಎಂಎಸ್ (ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ವೆಬ್‌ಸೈಟಿನ ವಿಷಯ ಹಾಕಿ ತಿದ್ದುವ ತಂತ್ರಾಂಶ) ಒಳ್ಳೆಯದು?" ಎಂದು ಕೇಳಿಕೊಂಡು ಬರುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಹೊಲ ಎರೆಯೋ, ಮಸಾರಿಯೋ? ಧಾರವಾಡ, ಗದಗ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎರೆಯ ಕಪ್ಪು ಮಣ್ಣಿಗೆ ಒಪ್ಪುವ ಬೆಳೆ ಮಸಾರಿಯ ಕೆಂಪು ಮಣ್ಣಿಗೆ ಒಪ್ಪುವುದಿಲ್ಲ, ಬೀಜದ ಚೀಲದ ಮೇಲೆ ಎಷ್ಟೇ ಚೆಂದದ ಚಿತ್ರವಿರಲಿ.

ನಾನು ಮೂಲತಃ ಮುದ್ರಣಾಲಯದವನು. ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಕುಳಿತು ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಜೋಡಿಸುತ್ತಿದ್ದೆ. ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮಾಳಿಗೆ ಕೋಣೆ, ಎರಡು ಕಂಪ್ಯೂಟರ್, ವೆಬ್‌ಸೈಟ್ ಮಾಡಿಕೊಡುವ ಕೆಲಸ. ಹಾಗಾಗಿ ಸಿಎಂಎಸ್ ಎಂದರೇನು ಎಂಬುದನ್ನು ಪ್ರೆಸ್ಸಿನ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಅಚ್ಚಾದ ಕರಪತ್ರದಲ್ಲಿ ತಾರೀಖು ತಪ್ಪಿದರೆ ಗಿರಾಕಿ ಮತ್ತೆ ಪ್ರೆಸ್ಸಿಗೇ ಬರಬೇಕು. ಸಿಎಂಎಸ್ ಇಲ್ಲದ ವೆಬ್‌ಸೈಟೂ ಅಂಥದ್ದೇ: ಒಂದು ಅಕ್ಷರ ತಿದ್ದಲು ಅದನ್ನು ಕಟ್ಟಿದವನನ್ನು ಹುಡುಕಿಕೊಂಡು ಹೋಗಬೇಕು. ಸಿಎಂಎಸ್ ಇದ್ದರೆ ಹೆಸರು, ಗುಪ್ತಪದ ಹಾಕಿ ಒಳಗೆ ಹೋಗಿ, ಪತ್ರ ಟೈಪ್ ಮಾಡಿದಷ್ಟೇ ಸಲೀಸಾಗಿ ಯಾರು ಬೇಕಾದರೂ ತಿದ್ದಬಹುದು. ಅಕ್ಷರ ಜೋಡಿಸುವವನ ಹಂಗು ತಪ್ಪಿಸುವುದೇ ಅದರ ಕೆಲಸ. ಗಿರಾಕಿ ಆ ಹಂಗಿನಿಂದ ಬಿಡಿಸಿಕೊಳ್ಳದಿದ್ದರೆ ಎಷ್ಟು ದೊಡ್ಡ ಸಿಎಂಎಸ್ ಹಾಕಿಯೂ ಪ್ರಯೋಜನವಿಲ್ಲ. ಇದು ನನಗೆ ಪುಸ್ತಕ ಓದಿ ಬಂದ ಬುದ್ಧಿಯಲ್ಲ.

ಮೊದಲ ಹೆಜ್ಜೆ: ಕುರ್ಚಿಯಲ್ಲಿ ಕೂರುವವರು ಯಾರು?

ಗದಗ ಜಿಲ್ಲೆಗೂ ಸಹಕಾರ ಸಂಘಗಳಿಗೂ ಹಳೆಯ ನಂಟು. ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತ್ತು. ಆ ಕಡೆಯ ಒಂದು ಪತ್ತಿನ ಸಂಘಕ್ಕೆ ನಾನು ಹೊಸದಾಗಿ ಈ ಕೆಲಸಕ್ಕೆ ಇಳಿದಾಗ ವೆಬ್‌ಸೈಟ್ ಮಾಡಿಕೊಟ್ಟೆ. ಆಗ ನನಗೆ ಚೆನ್ನಾಗಿ ಗೊತ್ತಿದ್ದ ಸಿಎಂಎಸ್ ಒಂದೇ, ಅದನ್ನೇ ಹಾಕಿದೆ. ಅಧ್ಯಕ್ಷರಿಗೆ ತೋರಿಸಿದೆ, ಶಾಲು ಹೊದಿಸಿದರು. ದಿನವೂ ಅದನ್ನು ಬಳಸಬೇಕಾಗಿದ್ದ ಗುಮಾಸ್ತೆ ಅಕ್ಕನವರನ್ನು ಆ ದಿನ ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

ವಾರದ ನಂತರ ಅವರು ಠೇವಣಿಯ ಹೊಸ ಬಡ್ಡಿ ದರವನ್ನು ಟೈಪ್ ಮಾಡಿ, ಉಳಿಸುವ ಗುಂಡಿ ಒತ್ತಿ, ಮುಖಪುಟ ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ. ನಾನು ಕಟ್ಟಿದ್ದ ರೀತಿಯಲ್ಲಿ ಬರಹ ಬರೆಯುವುದು ಒಂದು ಕಡೆ, ಅದನ್ನು ಒಂದು ವರ್ಗಕ್ಕೆ ಸೇರಿಸುವುದು ಇನ್ನೊಂದು ಕಡೆ, ಮೆನುವಿಗೆ ಜೋಡಿಸುವುದು ಮತ್ತೊಂದು ಕಡೆ. ಮೂರೂ ಆಗದೆ ಪುಟ ಕಾಣುವುದಿಲ್ಲ. ಅವರು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. ಮುಂದಿನ ಎರಡು ವರ್ಷ ದರ ಬದಲಾದಾಗಲೆಲ್ಲ ಅವರಿಂದ ವಾಟ್ಸ್‌ಆ್ಯಪ್‌ನಲ್ಲಿ ಕೈಬರಹದ ಚೀಟಿಯ ಫೋಟೋ ಬರುತ್ತಿತ್ತು, ಅದನ್ನು ನೋಡಿಕೊಂಡು ನಾನು ಟೈಪ್ ಮಾಡುತ್ತಿದ್ದೆ. ಬೆಟಗೇರಿಯ ಪ್ರೆಸ್ಸಿನಲ್ಲಿ ಮಾಡುತ್ತಿದ್ದ ಕೆಲಸವೇ, ಕುರ್ಚಿ ಮಾತ್ರ ಬೇರೆ.

ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು ಇಷ್ಟು ಬರೆಯಿರಿ. ವೆಬ್‌ಸೈಟಿಗೆ ವಿಷಯ ಹಾಕುವವರು ಯಾರು? ಹೆಸರು ಬರೆಯಿರಿ. "ನಮ್ಮ ಸಿಬ್ಬಂದಿ" ಎಂದು ಬರೆದರೆ ಯಾರೂ ಹಾಕುವುದಿಲ್ಲ ಎಂದೇ ಅರ್ಥ. ಅವರು ಕಂಪ್ಯೂಟರಿನಲ್ಲಿ ಮಾಡುತ್ತಾರೋ ಮೊಬೈಲಿನಲ್ಲೋ? ಕನ್ನಡ ಟೈಪಿಂಗ್ ನುಡಿ ಕೀಲಿಮಣೆಯಲ್ಲೋ, ಮೊಬೈಲಿನಲ್ಲಿ ಮಾತನಾಡಿ ಬರೆಸುವುದೋ? ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲರು? ಅವರು ಹಾಕಿದ್ದನ್ನು ಪ್ರಕಟವಾಗುವ ಮುನ್ನ ಇನ್ನೊಬ್ಬರು ನೋಡಬೇಕೇ? ಮುಂದೆ ಓದುವುದನ್ನೆಲ್ಲ ಈ ಹಾಳೆಗೆ ಹೋಲಿಸಿ ನೋಡಬೇಕು.

ಎರಡನೆಯ ಹೆಜ್ಜೆ: ಬದಲಾಗುವುದೇನು?

ಹಾಳೆಯ ಹಿಂಬದಿಯಲ್ಲಿ ಎರಡು ಪಟ್ಟಿ ಮಾಡಿ. ಎಡಕ್ಕೆ ವರ್ಷಗಟ್ಟಲೆ ಬದಲಾಗದ ಸಂಗತಿಗಳು: ಸಂಸ್ಥೆಯ ಇತಿಹಾಸ, ವಿಳಾಸ, ಫೋನ್ ಸಂಖ್ಯೆ, ದಾರಿ. ಬಲಕ್ಕೆ ಬದಲಾಗುವಂಥವು: ದರ, ಪ್ರಕಟಣೆ, ಫೋಟೋ, ಹೊಸ ಸರಕು, ಲೇಖನ.

ಬಲಗಡೆಯ ಪಟ್ಟಿ ಖಾಲಿ ಉಳಿದರೆ ನಿಮಗೆ ಸಿಎಂಎಸ್ ಬೇಕಾಗಿಯೇ ಇಲ್ಲ. ನಾಲ್ಕು ಪುಟದ ಸಾದಾ ವೆಬ್‌ಸೈಟ್ ಬರೆಸಿಕೊಳ್ಳಿ, ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ಸಮಯ, ಫೋಟೋ ಸೇರಿಸಿ. ನಕ್ಷೆಯಲ್ಲಿ ಸೇರಿಸುವುದಕ್ಕೆ ದುಡ್ಡೂ ಇಲ್ಲ. ಪಟ್ಟಿ ಚಿಕ್ಕದಾಗಿದ್ದರೆ ವೆಬ್‌ಸೈಟೂ ಚಿಕ್ಕದೇ ಸಾಕು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ನನ್ನ ಬಳಿ ಬಂದು ಆನ್‌ಲೈನ್ ಅಂಗಡಿ ಬೇಕೆಂದರು: ಬುಟ್ಟಿ, ಕಾರ್ಡಿನಲ್ಲಿ ಪಾವತಿ, ಎಲ್ಲವೂ. ಅವರದು ಚೀಲಗಟ್ಟಲೆ ವ್ಯಾಪಾರ. ಗಿರಾಕಿಗಳು ಮಸಾಲೆ ಕಾರ್ಖಾನೆಯವರು, ಬಣ್ಣ ನೋಡದೆ, ಫೋನಿನಲ್ಲಿ ಚೌಕಾಸಿ ಮಾಡದೆ ಒಂದು ಚೀಲವನ್ನೂ ಎತ್ತುವವರಲ್ಲ. ಅವರಿಗೆ ಬೇಕಾಗಿದ್ದದ್ದು ಡಬ್ಬಿ, ಕಡ್ಡಿ ಎರಡೂ ತಳಿಗಳ ಅಂದಂದಿನ ದರ ತೋರಿಸುವ ಒಂದು ಪುಟ ಮತ್ತು ವಾಟ್ಸ್‌ಆ್ಯಪ್ ಗುಂಡಿ. ಅಷ್ಟೇ ಮಾಡಿಕೊಟ್ಟೆ. ಕೆಲಸ ಚಿಕ್ಕದಾಯಿತೆಂದು ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು.

ಬಲಗಡೆಯ ಪಟ್ಟಿಯಲ್ಲಿ ಇರುವುದನ್ನು ಇನ್ನೊಂದು ಸಲ ನೋಡಿ. ಅಲ್ಲಿ ಬರೀ ಲೇಖನ, ಪ್ರಕಟಣೆಗಳಿದ್ದರೆ ಯಾವ ಸಿಎಂಎಸ್ ಆದರೂ ಸಾಕಾಗುತ್ತದೆ. ಒಂದೇ ಅಚ್ಚಿನ ನೂರಾರು ವಸ್ತುಗಳಿದ್ದರೆ, ಉದಾಹರಣೆಗೆ ಗ್ರಂಥಾಲಯದ ಪುಸ್ತಕಗಳು, ಕಸೂತಿ ಸೀರೆಗಳು, ಕಾಲೇಜಿನ ವಿಭಾಗಗಳು, ಆಗ ಪ್ರತಿಯೊಂದಕ್ಕೂ ಬೆಲೆ, ಅಳತೆ, ಲೇಖಕ ಎಂಬಂತಹ ಪ್ರತ್ಯೇಕ ಖಾನೆಗಳು ಬೇಕು. ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಸುರಿಯುವ ವ್ಯವಸ್ಥೆ ಆರಿಸಿಕೊಂಡರೆ, ನಾಳೆ "ಐದು ಸಾವಿರದೊಳಗಿನ ಸೀರೆ ತೋರಿಸು" ಎಂದರೆ ಅದು ತೋರಿಸಲಾರದು.

ಮೂರನೆಯ ಹೆಜ್ಜೆ: ಕನ್ನಡದ ಪರೀಕ್ಷೆ

ಇಂಗ್ಲಿಷಿನಲ್ಲಿರುವ ಮಾರ್ಗದರ್ಶಿಗಳು ಈ ಹೆಜ್ಜೆಯನ್ನು ಹೇಳುವುದಿಲ್ಲ, ಅವರಿಗೆ ಇದರ ಅಗತ್ಯವೂ ಇಲ್ಲ. ನಮಗೆ ಮಾತ್ರ ಇಲ್ಲಿಯೇ ನಿಜವಾದ ಪರೀಕ್ಷೆ.

ಮೊದಲು ಹಳೆಯ ಸರಕಿನ ವಿಚಾರ. ನಿಮ್ಮಲ್ಲಿರುವ ವರದಿ, ಲೇಖನಗಳು ನುಡಿ ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದಂಥವು. ಕಡತದಲ್ಲಿ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಅದನ್ನು ಯಾವ ಸಿಎಂಎಸ್‌ಗೆ ಅಂಟಿಸಿದರೂ ವೇಷ ಕಳಚಿ ಬೀಳುತ್ತದೆ. ದೋಷ ಸಿಎಂಎಸ್‌ನದಲ್ಲ. ಮೊದಲು ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ, ಪರಿವರ್ತಿಸಿದ್ದನ್ನು ಒಮ್ಮೆ ಕಣ್ಣಿಟ್ಟು ಓದಿ. ಅರ್ಕಾವೊತ್ತು ಮತ್ತು ಒತ್ತಕ್ಷರಗಳಲ್ಲಿ ಪರಿವರ್ತಕಗಳು ಎಡವುತ್ತವೆ. ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡವನ್ನಂತೂ ನಂಬಲೇಬೇಡಿ. ಈ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಸಿಎಂಎಸ್ ಆರಿಸುವ ಮೊದಲೇ ಲೆಕ್ಕ ಹಾಕಿ. ಎಷ್ಟೋ ವೆಬ್‌ಸೈಟ್‌ಗಳು ತಡವಾಗುವುದು ಇದರಿಂದಲೇ.

ಆಮೇಲೆ, ನೀವು ನೋಡುತ್ತಿರುವ ಸಿಎಂಎಸ್‌ನ ಪ್ರಾಯೋಗಿಕ ಪ್ರತಿಯಲ್ಲಿ ಒಂದು ಸಾಲು ಹಾಕಿ ನೋಡಿ. ನಾನು ಯಾವಾಗಲೂ ಹಾಕುವ ಪದಗಳು ಇವು: ಲಕ್ಷ್ಮೇಶ್ವರ, ಸ್ತ್ರೀ, ರಾಷ್ಟ್ರ, ಹುಬ್ಬಳ್ಳಿ, ಲಕ್ಕುಂಡಿ, ರ‍್ಯಾಂಕ್. ಇದನ್ನು ಶೀರ್ಷಿಕೆಯಾಗಿಯೂ ಹಾಕಿ, ಎರಡು ಸಾಲಿಗೆ ಮುರಿಯುವಷ್ಟು ಉದ್ದವಿರಲಿ. ಇಂಗ್ಲಿಷಿಗೆಂದು ಮಾಡಿದ ಹೆಚ್ಚಿನ ಸಿದ್ಧ ವಿನ್ಯಾಸಗಳಲ್ಲಿ (ಥೀಮ್‌ಗಳಲ್ಲಿ) ಸಾಲುಗಳ ನಡುವಿನ ಅಂತರ ಕಡಿಮೆ. ಮೇಲಿನ ಸಾಲಿನ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಅಂತರವನ್ನು ಸುಲಭವಾಗಿ ಬದಲಿಸಲು ಬಿಡದ ವಿನ್ಯಾಸ ನಮಗೆ ಬೇಡ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಹಾಕಿದರೆ ಮೋಸವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ 'ಹುಬ್ಬಳ್ಳಿ' ಎಂಬ ಹೆಸರಿನ ಫಾಂಟ್ ಕೂಡ ಇದೆ, ಊರಿನ ಅಭಿಮಾನಕ್ಕೆ ಒಮ್ಮೆ ಹಾಕಿ ನೋಡಿ.

ರ‍್ಯಾಂಕ್ ಪದವನ್ನು ಬೇಕೆಂದೇ ಸೇರಿಸಿದ್ದೇನೆ. ಅದರಲ್ಲಿ 'ರ' ಪೂರ್ತಿಯಾಗಿ ಉಳಿದು ಕೆಳಗೆ 'ಯ'ದ ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಇರಬೇಕು. ಕೆಲವು ವ್ಯವಸ್ಥೆಗಳು ಉಳಿಸುವಾಗ ಅದನ್ನು ಕಸವೆಂದು ಗುಡಿಸಿಹಾಕುತ್ತವೆ, ಪದ ಅರ್ಕಾವೊತ್ತಿಗೆ ತಿರುಗಿಬಿಡುತ್ತದೆ. ಉಳಿಸಿ, ಮತ್ತೆ ತೆರೆದು ನೋಡಿ. ಎಲ್ಲ ಅಕ್ಷರಗಳ ಬದಲಿಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಬರಹಗಳನ್ನು ಕೂಡಿಡುವ ಡೇಟಾಬೇಸ್ ಹಳೆಯ ಲಿಪಿ ಸಂಕೇತದಲ್ಲಿದೆ ಎಂದರ್ಥ. ಹೋಸ್ಟಿಂಗ್‌ನವರಿಗೆ, ಅಂದರೆ ವೆಬ್‌ಸೈಟ್ ಇಡಲು ಸರ್ವರ್‌ನಲ್ಲಿ ಜಾಗ ಬಾಡಿಗೆ ಕೊಟ್ಟವರಿಗೆ, ಹೇಳಿ ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತ ಮಾಡಿಸಿ, ನಂತರ ಮುಂದುವರಿಯಿರಿ.

ಪುಟದ ವಿಳಾಸದ ವಿಷಯವನ್ನು ಕೈಯಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಹೆಚ್ಚು ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಎಂಬ ಸಿಎಂಎಸ್ ನಿಮ್ಮ ಶೀರ್ಷಿಕೆಯನ್ನೇ ಪುಟದ ವಿಳಾಸವಾಗಿ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ 200 ಅಕ್ಷರಗಳ ಮಿತಿಯಿದೆ. ಕನ್ನಡದ ಒಂದೊಂದು ಅಕ್ಷರ ಘಟಕವೂ, ಅಂದರೆ ಮೂಲಾಕ್ಷರ, ಕಾಗುಣಿತದ ಚಿಹ್ನೆ, ಸೊನ್ನೆ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ ಪ್ರತಿಯೊಂದೂ, ಅಲ್ಲಿ ಒಂಬತ್ತು ಸ್ಥಾನ ನುಂಗುತ್ತದೆ. "ಬ್ಯಾಡಗಿ ಮೆಣಸಿನಕಾಯಿ ಇಂದಿನ ದರ" ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ಬ್ಯಾಡಗಿಯಲ್ಲಿ ಏಳು ಘಟಕ, 63 ಸ್ಥಾನ. ಮೆಣಸಿನಕಾಯಿಯಲ್ಲಿ ಹತ್ತು, 90. ಇಂದಿನ ಎಂಬುದರಲ್ಲಿ ಐದು, 45. ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. 'ದರ' ಎಂಬ ಪದಕ್ಕೆ ಜಾಗವೇ ಉಳಿಯದೆ ಅದು ಬಿದ್ದುಹೋಗುತ್ತದೆ. ಮಾರುಕಟ್ಟೆಯಲ್ಲಿ ಆವಕ ಹೆಚ್ಚಾಗದೆಯೂ ದರ ಬೀಳುವ ಉದಾಹರಣೆ ಇದೊಂದೇ ಇರಬೇಕು. ಅಂಥ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಕಾಣುತ್ತದೆ, ನೋಡಿದವರು ವೈರಸ್ ಎಂದು ಅಳಿಸುತ್ತಾರೆ. ಆದ್ದರಿಂದ ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು ಮಾತ್ರ ಚಿಕ್ಕದಾಗಿ ರೋಮನ್ ಅಕ್ಷರಗಳಲ್ಲಿ ಕೊಡಿ. ಹಾಗೆ ಬೇರೆಯಾಗಿ ಕೊಡಲು ಬಿಡದ ಸಿಎಂಎಸ್ ಆಗಿದ್ದರೆ ಪಟ್ಟಿಯಿಂದ ಹೊಡೆದುಹಾಕಿ.

ಹುಡುಕಾಟವನ್ನೂ ಪರೀಕ್ಷಿಸಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. "ಹುಬ್ಬಳ್ಳಿ" ಎಂದು ಹುಡುಕಿದರೆ "ಹುಬ್ಬಳ್ಳಿಯಲ್ಲಿ" ಎಂದಿರುವ ಬರಹವೂ ಸಿಗಬೇಕಲ್ಲವೇ? ವರ್ಡ್‌ಪ್ರೆಸ್‌ನ ಹುಡುಕಾಟ ತೀರಾ ಸಾದಾ, ಪದದ ಯಾವ ಭಾಗ ಹೊಂದಿದರೂ ತಂದುಕೊಡುತ್ತದೆ. ಇಂಗ್ಲಿಷಿನವರು ಅದನ್ನು ಬೈಯುತ್ತಾರೆ, ನಮಗೆ ಅದೇ ವರ. "ಮರ" ಎಂದು ಹುಡುಕಿದರೆ "ಮರಣ"ವೂ ಬರುತ್ತದೆ, ಅಷ್ಟನ್ನು ಸಹಿಸಿಕೊಳ್ಳಬೇಕು. ಡ್ರೂಪಲ್ ಎಂಬ ಇನ್ನೊಂದು ಸಿಎಂಎಸ್‌ನ ಮೂಲ ಹುಡುಕಾಟ ಇಡೀ ಪದವನ್ನೇ ಹೊಂದಿಸಿ ನೋಡುವಂಥದ್ದು, ಅದಕ್ಕೆ ವಿಭಕ್ತಿ ಗೊತ್ತಾಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಸಂತೆಯಲ್ಲಿ ಸಿಗುವ ಸರಕು

ಇಷ್ಟಾದ ಮೇಲೆ ಹೆಸರುಗಳಿಗೆ ಬರೋಣ. ಇಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ.

ವರ್ಡ್‌ಪ್ರೆಸ್ 2003ರಲ್ಲಿ ಬಂದದ್ದು, ಈಗ ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ಅದರ ಮೇಲೆಯೇ ನಡೆಯುತ್ತಿವೆ. ನಮ್ಮ ಊರಿನಲ್ಲಿ ಅದಕ್ಕಿರುವ ದೊಡ್ಡ ಗುಣವೆಂದರೆ ಕೆಟ್ಟರೆ ರಿಪೇರಿ ಮಾಡುವವರು ಸಿಗುತ್ತಾರೆ. ಹೀರೋ ಗಾಡಿಯ ಬಿಡಿಭಾಗ ಯಾವ ಹಳ್ಳಿಯಲ್ಲೂ ಸಿಗುವಂತೆ. ನಾನು ಕೈಬಿಟ್ಟರೆ ಗೋಕುಲ ರಸ್ತೆಯಲ್ಲೋ ಧಾರವಾಡದಲ್ಲೋ ಇನ್ನೊಬ್ಬ ಸಿಗುತ್ತಾನೆ. ಹೆಸರಿನ ಗೊಂದಲವೊಂದಿದೆ: ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಒಂದು ಕಂಪನಿಯ ಬಾಡಿಗೆ ಮನೆ, ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಉಚಿತ ತಂತ್ರಾಂಶ, ಅದನ್ನು ನಿಮ್ಮದೇ ಹೋಸ್ಟಿಂಗ್‌ನಲ್ಲಿ ಕೂರಿಸಿಕೊಳ್ಳಬೇಕು. ನಾನು ಹೇಳುತ್ತಿರುವುದು ಎರಡನೆಯದನ್ನು.

ಅದರ ದೊಡ್ಡ ದೋಷವೂ ಅದರ ಸಮೃದ್ಧಿಯೇ. ಪ್ರತಿಯೊಂದಕ್ಕೂ ಪ್ಲಗಿನ್, ಅಂದರೆ ಹೊಸ ಸೌಲಭ್ಯ ಸೇರಿಸುವ ಬಿಡಿ ತಂತ್ರಾಂಶ, ಸಿಗುತ್ತದೆ, ಸಿಕ್ಕಿದ್ದನ್ನೆಲ್ಲ ಹಾಕುವ ಚಪಲ ಹುಟ್ಟುತ್ತದೆ. ವರ್ಡ್‌ಪ್ರೆಸ್ ವೆಬ್‌ಸೈಟ್‌ಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ಹಳತಾದ ಪ್ಲಗಿನ್ ಮತ್ತು ವಿನ್ಯಾಸಗಳ ಮೂಲಕವೇ. ಹತ್ತಕ್ಕಿಂತ ಹೆಚ್ಚು ಪ್ಲಗಿನ್ ಇಲ್ಲದೆ ಕೆಲಸ ಸಾಗದು ಎಂದರೆ ಒಮ್ಮೆ ನಿಂತು ಯೋಚಿಸಿ. ದುಡ್ಡು ಕೊಟ್ಟು ಕೊಳ್ಳಬೇಕಾದ ವಿನ್ಯಾಸವನ್ನು ಯಾರೋ ಪುಕ್ಕಟೆಯಾಗಿ ಟೆಲಿಗ್ರಾಮ್‌ನಲ್ಲಿ ಕಳಿಸಿದರೆ, ಅದರ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ಅವರು ಕಳಿಸುವುದಿಲ್ಲ. ಮುಟ್ಟಬೇಡಿ.

ಡ್ರೂಪಲ್ ಗಟ್ಟಿ ಕಟ್ಟಡ. ಖಾನೆಗಳು, ಅನುಮತಿಗಳು, ಹಲವು ಭಾಷೆಗಳು ಎಲ್ಲವೂ ಅದರ ಮೂಲದಲ್ಲೇ ಇವೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕಾದ ದೊಡ್ಡ ಸಂಸ್ಥೆಗೆ, ಕೈಯಲ್ಲಿ ಒಬ್ಬ ಕಾಯಂ ತಂತ್ರಜ್ಞ ಇದ್ದರೆ, ಅದೇ ಸರಿ. ವರ್ಡ್‌ಪ್ರೆಸ್‌ಗೆ ಎರಡನೆಯ ಭಾಷೆ ಸೇರಿಸಬೇಕೆಂದರೆ ಪಾಲಿಲ್ಯಾಂಗ್‌ನಂತಹ ಪ್ಲಗಿನ್ ಬೇಕು. ಆದರೆ ಡ್ರೂಪಲ್ 7ರ ಕತೆ ನೆನಪಿರಲಿ. ಎಂಟನೆಯ ಆವೃತ್ತಿಯಲ್ಲಿ ಒಳಗಿನ ರಚನೆಯೇ ಬದಲಾಯಿತು. ಏಳರಿಂದ ಮುಂದಕ್ಕೆ ಹೋಗುವುದೆಂದರೆ ಮನೆಗೆ ಸುಣ್ಣ ಹೊಡೆದಂತಲ್ಲ, ಪಾಯದಿಂದ ಕಟ್ಟಿದಂತೆ. 2025ರ ಜನವರಿ 5ರಂದು ಏಳಕ್ಕೆ ಬೆಂಬಲ ನಿಂತಾಗ, ಮುಂದೂಡುತ್ತಲೇ ಬಂದವರೆಲ್ಲ ಒಟ್ಟಿಗೇ ಕಷ್ಟಕ್ಕೆ ಸಿಕ್ಕಿದರು. ಅದೇ ತಿಂಗಳು ಹೊಸಬರಿಗೆಂದು ಡ್ರೂಪಲ್ ಸಿಎಂಎಸ್ ಎಂಬ ಸುಲಭ ರೂಪವೂ ಹೊರಬಂದಿದೆ. ಯಾವ ಸಿಎಂಎಸ್ ಆರಿಸುವಾಗಲೂ "ಈ ಆವೃತ್ತಿಗೆ ಬೆಂಬಲ ಎಲ್ಲಿಯವರೆಗೆ?" ಎಂದು ಕೇಳಲೇಬೇಕು.

ಜೂಮ್ಲಾ ಇವೆರಡರ ನಡುವಿನದು, 2005ರಿಂದ ಇದೆ, ಬಹುಭಾಷೆ ಮೂಲದಲ್ಲೇ ಇದೆ. ಅದನ್ನು ಚೆನ್ನಾಗಿ ಬಲ್ಲವರು ಹತ್ತಿರದಲ್ಲಿದ್ದರೆ ಹಾಕಿಕೊಳ್ಳಬಹುದು.

ಧಾರವಾಡದಲ್ಲಿ ಸಾಹಿತ್ಯ ಪತ್ರಿಕೆ ತರುವವರು ಘೋಸ್ಟ್ ಎಂಬ ಸಿಎಂಎಸ್ ಬಗ್ಗೆ ಕೇಳುತ್ತಾರೆ. ಬರೆಯುವುದಕ್ಕೆ ಅಷ್ಟು ಹಗುರವಾದದ್ದು ಇನ್ನೊಂದಿಲ್ಲ, ಓದುಗರಿಗೆ ಅಂಚೆಯ ಹಾಗೆ ಇ-ಮೇಲ್ ಕಳಿಸುವ ವ್ಯವಸ್ಥೆಯೂ ಅದರೊಳಗೇ ಇದೆ. ಚಂದಾ ಹಣ ಪಡೆಯುವುದೇ ತೊಡಕು. ಅದು ಸ್ಟ್ರೈಪ್ ಎಂಬ ಪಾವತಿ ಸೇವೆಯನ್ನು ನೆಚ್ಚಿಕೊಂಡಿದೆ, ನಮ್ಮ ದೇಶದಲ್ಲಿ ಅದರ ಹೊಸ ಖಾತೆ ಸುಲಭವಾಗಿ ಸಿಗುವುದಿಲ್ಲ. ಯುಪಿಐನಲ್ಲಿ ಚಂದಾ ಕೊಡುವ ಓದುಗರನ್ನು ನಂಬಿದ ಪತ್ರಿಕೆಗೆ ಇದು ಸಣ್ಣ ಮಾತಲ್ಲ.

ವಿಕ್ಸ್‌ನಂತಹ ಬಾಡಿಗೆ ಸೇವೆಗಳಲ್ಲಿ ಒಂದೇ ಸಂಜೆ ವೆಬ್‌ಸೈಟ್ ಸಿದ್ಧವಾಗುತ್ತದೆ. ಆದರೆ ಅಲ್ಲಿ ಕಟ್ಟಿದ್ದನ್ನು ಎತ್ತಿಕೊಂಡು ಇನ್ನೊಂದು ಹೋಸ್ಟಿಂಗ್‌ಗೆ ಹೋಗಲಾಗುವುದಿಲ್ಲ. ಬಾಡಿಗೆ ಮನೆಗೆ ಗ್ರಾನೈಟ್ ಹಾಕಿಸಿದಂತಾಗುತ್ತದೆ. ಆರು ತಿಂಗಳ ಪ್ರದರ್ಶನಕ್ಕೋ ಮದುವೆಗೋ ಆದರೆ ಹಾಕಿಕೊಳ್ಳಿ. ಆನ್‌ಲೈನ್ ಅಂಗಡಿಯೇ ಮುಖ್ಯ ಉದ್ದೇಶವಾಗಿದ್ದು ದಿನವೂ ಹತ್ತಾರು ಪಾರ್ಸೆಲ್ ಹೊರಡುವುದಾದರೆ ಶಾಪಿಫೈಗೆ ತಿಂಗಳ ಬಾಡಿಗೆ ಕೊಡುವುದೇ ಲೇಸು. ಹಾವೇರಿಯ ಏಲಕ್ಕಿ ಹಾರದಂತೆ ತಿಂಗಳಿಗೆ ಐದಾರು ಬೇಡಿಕೆ ಬರುವ ಸರಕಾದರೆ ವರ್ಡ್‌ಪ್ರೆಸ್ ಜೊತೆ ವೂಕಾಮರ್ಸ್ ಎಂಬ ಅಂಗಡಿ ಪ್ಲಗಿನ್ ಸಾಕು.

ಹ್ಯೂಗೊ, ಜೆಕಿಲ್ ಎಂಬ ಸ್ಥಿರ ಪುಟಗಳ ವ್ಯವಸ್ಥೆಗಳು ನನಗೆ ವೈಯಕ್ತಿಕವಾಗಿ ಬಹಳ ಇಷ್ಟ. ಡೇಟಾಬೇಸ್ ಇಲ್ಲ, ಕನ್ನ ಹಾಕಲು ಕಿಟಕಿಯೇ ಇಲ್ಲ, ಮಿಂಚಿನಂತೆ ತೆರೆದುಕೊಳ್ಳುತ್ತವೆ. ನನ್ನ ಸ್ವಂತ ವೆಬ್‌ಸೈಟ್ ಹ್ಯೂಗೊದಲ್ಲಿದೆ. ಗಿರಾಕಿಗಳಿಗೆ ಹಾಕಿಕೊಡುವುದಿಲ್ಲ, ಏಕೆಂದರೆ ಹೆಸರು, ಗುಪ್ತಪದ ಹಾಕಿ ಒಳಗೆ ಹೋಗಿ ತಿದ್ದುವ ಪರದೆ ಅವುಗಳಲ್ಲಿಲ್ಲ, ಕಡತಗಳನ್ನೇ ಕೈಯಾರೆ ತಿದ್ದಬೇಕು. ಹಾಳೆಯಲ್ಲಿ ಬರೆದ ಹೆಸರನ್ನು ನೋಡಿ, ನಿಮಗೇ ಗೊತ್ತಾಗುತ್ತದೆ.

ಐದನೆಯ ಹೆಜ್ಜೆ: ಅರ್ಧ ದಿನದ ಪ್ರಯೋಗ

ಎರಡಕ್ಕಿಂತ ಹೆಚ್ಚು ಸಿಎಂಎಸ್‌ಗಳನ್ನು ಈ ಹಂತಕ್ಕೆ ತರಬೇಡಿ. ವರ್ಡ್‌ಪ್ರೆಸ್ ಆದರೆ ಏನನ್ನೂ ಕೊಳ್ಳದೆ ಪ್ಲೇಗ್ರೌಂಡ್ ಎಂಬ ಅದರ ಪ್ರಾಯೋಗಿಕ ಪ್ರತಿಯನ್ನು ಬ್ರೌಸರ್‌ನಲ್ಲೇ ತೆರೆಯಬಹುದು.

ಹಾಳೆಯಲ್ಲಿ ಹೆಸರಿರುವವರನ್ನು ಕರೆದು ಕೂರಿಸಿ, ನೀವು ಹಿಂದೆ ನಿಂತುಕೊಳ್ಳಿ. ಮೌಸ್ ಮುಟ್ಟಬೇಡಿ, ಬಾಯಿಯನ್ನೂ ಬಿಡಬೇಡಿ. ಐದು ಕೆಲಸ ಕೊಡಿ: ವಾರ್ಷಿಕ ಸಭೆಯ ಪ್ರಕಟಣೆ ಹಾಕುವುದು, ಅದರಲ್ಲಿ ತಾರೀಖು ತಿದ್ದುವುದು, ಮೊಬೈಲಿನಲ್ಲಿ ತೆಗೆದ ಫೋಟೋ ಸೇರಿಸುವುದು, ದರದ ಕೋಷ್ಟಕದಲ್ಲಿ ಒಂದು ಅಂಕಿ ಬದಲಿಸುವುದು, ಹಳೆಯ ಪ್ರಕಟಣೆಯನ್ನು ತೆಗೆಯುವುದು. ಆಮೇಲೆ ಮೊದಲನೆಯದನ್ನು ಮೊಬೈಲಿನಲ್ಲೇ ಇನ್ನೊಮ್ಮೆ ಮಾಡಿಸಿ. ಎಲ್ಲಿ ಕೈ ತಡೆಯುತ್ತದೆ, ಎಲ್ಲಿ ನಿಮ್ಮತ್ತ ತಿರುಗಿ ನೋಡುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಒಂದು ಕೆಲಸಕ್ಕೆ ಮೂರು ಸಲ ತಿರುಗಿ ನೋಡಿದರೆ ಆ ಸಿಎಂಎಸ್ ಅವರಿಗಲ್ಲ.

ಎರಡು ಸಣ್ಣ ವಿಷಯಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬರೆದವರು ಒಬ್ಬರು, ಒಪ್ಪಿಗೆ ಕೊಡುವವರು ಕಾರ್ಯದರ್ಶಿ ಎಂಬ ಪದ್ಧತಿ ನಿಮ್ಮಲ್ಲಿದ್ದರೆ, ವರ್ಡ್‌ಪ್ರೆಸ್‌ನಲ್ಲಿ ಬರೆಯುವವರಿಗೆ ಕಾಂಟ್ರಿಬ್ಯೂಟರ್, ಕಾರ್ಯದರ್ಶಿಗೆ ಎಡಿಟರ್ ಪಾತ್ರ ಕೊಡಬಹುದು. ಆದರೆ ಕಾಂಟ್ರಿಬ್ಯೂಟರ್‌ಗೆ ಫೋಟೋ ಏರಿಸುವ ಅನುಮತಿ ಇರುವುದಿಲ್ಲ. ಇದು ಗೊತ್ತಿಲ್ಲದೆ "ಫೋಟೋ ಹೋಗುತ್ತಿಲ್ಲ ಸರ್" ಎಂಬ ಫೋನು ತಿಂಗಳಿಗೊಮ್ಮೆಯಾದರೂ ಬರುತ್ತದೆ. ಇನ್ನೊಂದು, ಮೊಬೈಲ್ ಫೋಟೋಗಳ ಗಾತ್ರ. ವರ್ಡ್‌ಪ್ರೆಸ್ 5.3ರಿಂದ ಈಚೆಗೆ ತೀರಾ ದೊಡ್ಡ ಚಿತ್ರಗಳನ್ನು 2560 ಪಿಕ್ಸೆಲ್‌ಗೆ ತಾನೇ ಇಳಿಸಿ ತೋರಿಸುತ್ತದೆ, ಮೂಲ ಚಿತ್ರ ಮಾತ್ರ ಹೋಸ್ಟಿಂಗ್‌ನಲ್ಲಿ ಜಾಗ ತಿನ್ನುತ್ತಲೇ ಇರುತ್ತದೆ.

ಆರನೆಯ ಹೆಜ್ಜೆ: ಮೂರು ವರ್ಷದ ಲೆಕ್ಕ

ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ. ಹೋಸ್ಟಿಂಗ್‌ನವರು ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ನವೀಕರಣದ ಹೊತ್ತಿಗೆ ಏರಿಸುತ್ತಾರೆ. ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ನವೀಕರಣ, ಹೋಸ್ಟಿಂಗ್ ನವೀಕರಣ, ಡಾಲರಿನಲ್ಲಿ ಕೊಡಬೇಕಾದ ಪ್ಲಗಿನ್‌ಗಳ ವಾರ್ಷಿಕ ಶುಲ್ಕ, ಶೇ 18ರ ಜಿಎಸ್‌ಟಿ, ನಿರ್ವಹಣೆ ಮಾಡುವವನ ಕೂಲಿ, ಎಲ್ಲವನ್ನೂ ಮೂರು ವರ್ಷಕ್ಕೆ ಕೂಡಿಸಿ. "ಉಚಿತ" ಸಿಎಂಎಸ್‌ನಲ್ಲಿ ಉಚಿತವಾಗಿರುವುದು ತಂತ್ರಾಂಶ ಮಾತ್ರ. ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡುವ ಕೈ ಉಚಿತವಲ್ಲ. ಆ ಕೈಗೆ ದುಡ್ಡು ಎತ್ತಿಡಲು ಆಗುವುದಿಲ್ಲ ಎಂದಾದರೆ ಬಾಡಿಗೆ ಸೇವೆಯೇ ಮೇಲು. ಈ ಮಾತನ್ನು ನಾನು ಹೊಟ್ಟೆಪಾಡಿನ ವಿರುದ್ಧವಾಗಿಯೇ ಹೇಳುತ್ತಿದ್ದೇನೆ.

ಏಳನೆಯ ಹೆಜ್ಜೆ: ಬೀಗದ ಕೈ

ರಾಣೆಬೆನ್ನೂರಿನ ಕಡೆಯ ಬೀಜದ ವ್ಯಾಪಾರಿಯೊಬ್ಬರ ಡೊಮೇನನ್ನು ಅವರ ಅಕ್ಕನ ಮಗ ತನ್ನ ಕಾಲೇಜಿನ ಇ-ಮೇಲ್‌ನಲ್ಲಿ ಕೊಂಡಿದ್ದ. ಹುಡುಗ ಪುಣೆಗೆ ಹೋದ, ಮೊಬೈಲ್ ಸಂಖ್ಯೆ ಬದಲಾಯಿತು, ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಇ-ಮೇಲ್‌ಗೆ ಬಂದು ಬಿದ್ದವು. ಅವಧಿ ಮುಗಿದ ಡೊಮೇನ್ ಬೇರೆಯವರ ಪಾಲಾಯಿತು. ಅಷ್ಟರಲ್ಲಿ ಆ ವಿಳಾಸವನ್ನು ಹೊತ್ತ ಚೀಲಗಳು ಅಚ್ಚಾಗಿ ಗೋದಾಮು ತುಂಬಿದ್ದವು. ವ್ಯಾಪಾರಿ ನನ್ನೆದುರು ಕೂತು ಕೇಳಿದ್ದು ಒಂದೇ ಪ್ರಶ್ನೆ: "ಚೀಲದ ಮೇಲೆ ಚೀಟಿ ಅಂಟಿಸಲು ಎಷ್ಟಾಗುತ್ತದೆ?" ಪ್ರೆಸ್ಸಿನ ಹಳೆಯ ಗೆಳೆಯನಿಗೆ ಫೋನ್ ಮಾಡಿ ದರ ಕೇಳಿ ಹೇಳಿದೆ.

ಹಾಗಾಗಿ ಡೊಮೇನ್ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ಓಟಿಪಿ ಬರುವ ಮೊಬೈಲ್ ಸಂಸ್ಥೆಯದೇ ಆಗಿರಬೇಕು. ನನ್ನಂಥ ಕೆಲಸಗಾರರ ಹೆಸರಿನಲ್ಲಿಯೂ ಬೇಡ, ನಾವು ಎಷ್ಟೇ ನಗುನಗುತ್ತಾ "ನಾನೇ ನೋಡಿಕೊಳ್ಳುತ್ತೇನೆ" ಎಂದರೂ ಸರಿ.

ಸಹಿ ಹಾಕುವ ಮುನ್ನ ಇನ್ನೊಂದು ಕೇಳಿ: "ನಾಳೆ ಬಿಟ್ಟುಹೋಗಬೇಕೆಂದರೆ ನನ್ನ ಸರಕನ್ನು ಹೇಗೆ ಎತ್ತಿಕೊಂಡು ಹೋಗಲಿ?" ಮಾಡಿ ತೋರಿಸಲು ಹೇಳಿ. ವರ್ಡ್‌ಪ್ರೆಸ್‌ನಲ್ಲಿ ರಫ್ತು ಗುಂಡಿ ಒತ್ತಿದರೆ ಒಂದು ಕಡತ ಸಿಗುತ್ತದೆ. ಎಲ್ಲವೂ ಬಂತು ಎಂದು ಅನೇಕರು ನೆಮ್ಮದಿಯಾಗಿರುತ್ತಾರೆ. ಅದರಲ್ಲಿ ಬರಹಗಳಿರುತ್ತವೆ, ಚಿತ್ರಗಳಿರುವುದಿಲ್ಲ, ಚಿತ್ರಗಳ ವಿಳಾಸಗಳಷ್ಟೇ ಇರುತ್ತವೆ. ಹಳೆಯ ಹೋಸ್ಟಿಂಗ್ ಮುಚ್ಚಿದ ದಿನ ಚಿತ್ರಗಳೂ ಹೋದವು. ಪೂರ್ತಿ ಬ್ಯಾಕಪ್ ಎಂದರೆ ಡೇಟಾಬೇಸ್ ಮತ್ತು ಕಡತಗಳ ಕೋಶ ಎರಡೂ. ತಿಂಗಳಿಗೊಮ್ಮೆ ಅದನ್ನು ಹೋಸ್ಟಿಂಗ್‌ನ ಹೊರಗೆ, ಗೂಗಲ್ ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಡಿಸಿ. ವರ್ಷಕ್ಕೊಮ್ಮೆ ಆ ಬ್ಯಾಕಪ್‌ನಿಂದ ವೆಬ್‌ಸೈಟ್ ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ನೋಡಿಸಿ. ಸದಸ್ಯರ ಹೆಸರು, ಫೋನ್ ಸಂಖ್ಯೆ ಸಂಗ್ರಹಿಸುವ ಅರ್ಜಿ ನಮೂನೆ ಇದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಎಂಬುದು ನೆನಪಿರಲಿ. ಬೇಡದ್ದನ್ನು ಕೇಳಬೇಡಿ, ಕೇಳಿದ್ದನ್ನು ಎಲ್ಲೆಂದರಲ್ಲಿ ಬಿಡಬೇಡಿ.

ಆ ಪತ್ತಿನ ಸಂಘದ ವೆಬ್‌ಸೈಟನ್ನು ಎರಡು ವರ್ಷದ ನಂತರ ನನ್ನದೇ ಖರ್ಚಿನಲ್ಲಿ ವರ್ಡ್‌ಪ್ರೆಸ್‌ಗೆ ಬದಲಿಸಿದೆ. ಈ ಸಲ ಅಧ್ಯಕ್ಷರನ್ನು ಕರೆಯಲಿಲ್ಲ, ಗುಮಾಸ್ತೆ ಅಕ್ಕನವರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ಅವರು ವಾರ್ಷಿಕ ಮಹಾಸಭೆಯ ಪ್ರಕಟಣೆ ಹಾಕಿದರು. "ಮಹಾಸಭೆ" ಎಂಬಲ್ಲಿ ದೀರ್ಘ ಬಿಟ್ಟುಹೋಗಿತ್ತು, ನಾನು ನೋಡಿದರೂ ಸುಮ್ಮನಿದ್ದೆ. ಚಹಾ ಬರುವಷ್ಟರಲ್ಲಿ ಅವರೇ ಕಂಡುಹಿಡಿದು ತಿದ್ದಿದರು. ಡೊಮೇನ್, ಹೋಸ್ಟಿಂಗ್, ಸಿಎಂಎಸ್ ಮೂರರ ಖಾತೆಯ ವಿವರ, ನವೀಕರಣದ ತಾರೀಖುಗಳನ್ನು ಒಂದು ಹಾಳೆಯ ಮೇಲೆ ಬರೆದು ಲಕೋಟೆಯಲ್ಲಿ ಹಾಕಿಕೊಟ್ಟೆ. ಕಾರ್ಯದರ್ಶಿಯವರು ಅದಕ್ಕೆ ಅರಗಿನ ಮುದ್ರೆ ಒತ್ತಿಸಿ ಠೇವಣಿ ಪತ್ರಗಳ ಜೊತೆ ತಿಜೋರಿಯಲ್ಲಿಟ್ಟರು, ಆವಕ ವಹಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆಯನ್ನೂ ಕೊಟ್ಟರು.